ಚೆಂಡಿಲ್ಲದ ಫುಟ್‌ಬಾಲ್ ಚಿತ್ರಗಳು

ಸಂಪಾದಕರೇ,

ಶಾಲಾ ಮಕ್ಕಳ ಫುಟ್‌ಬಾಲ್ ಪಂದ್ಯ ಮುಗಿದ ಮರುದಿನ ಪತ್ರಿಕೆಗಳಲ್ಲಿ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ: ನಡುವೆ ಟ್ರೋಫಿ, ಸುತ್ತ ಹಾರ ಹಾಕಿಸಿಕೊಂಡ ಗಣ್ಯರು, ಅಂಚಿನಲ್ಲಿ ಅರ್ಧ ಮುಖ ಕಾಣುವ ಆಟಗಾರರು. ಚೆಂಡು ಮಾತ್ರ ಎಲ್ಲೂ ಇರುವುದಿಲ್ಲ. ಆಟದ ಚಿತ್ರಕ್ಕೆ ಲಕ್ಷದ ಲೆನ್ಸ್ ಬೇಕು ಎಂಬ ಸಬೂಬು ಆಗಾಗ ಕೇಳಿಬರುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಈ ಸಬೂಬು ನಡೆಯುವುದಿಲ್ಲ.

ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್‌ಒ (ಬೆಳಕನ್ನು ಗ್ರಹಿಸುವ ಕ್ಯಾಮೆರಾದ ಚುರುಕು) 200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6 ಇಟ್ಟರೆ ಶಟರ್ ವೇಗ, ಅಂದರೆ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ 1/1600ರ ಆಸುಪಾಸು ಸಿಗುತ್ತದೆ. ಓಡುವ ಹುಡುಗನನ್ನು ಹಿಡಿದು ನಿಲ್ಲಿಸಲು 1/1000 ಸಾಕು. 1/500ಕ್ಕೆ ಇಳಿದರೆ ಮುಖ ಸ್ಪಷ್ಟವಾಗಿದ್ದರೂ ಒದೆಯುವ ಕಾಲು, ಚೆಂಡು ಎರಡೂ ಕಲಸಿಹೋಗುತ್ತವೆ. ಅಂದಮೇಲೆ ಹಗಲಿನ ಪಂದ್ಯಕ್ಕೆ 70–300 ಎಂಎಂನ ಸಾಧಾರಣ ಜೂಮ್ ಲೆನ್ಸೇ ಆದೀತು. ಹೊತ್ತು ಇಳಿದ ಮೇಲೆ ಐಎಸ್‌ಒ 1600, 3200ಕ್ಕೆ ಏರಿಸಬೇಕು, ಹಿಂಜರಿಯಬಾರದು. ಹಾಗೆ ಏರಿಸಿದ್ದರಿಂದ ಕಾಳುಕಾಳಾದ ಚಿತ್ರವನ್ನು ನ್ಯೂಸ್‌ಪ್ರಿಂಟ್ ನುಂಗಿಕೊಳ್ಳುತ್ತದೆ, ಅಲುಗಿದ್ದನ್ನು ನುಂಗುವುದಿಲ್ಲ.

ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬುದನ್ನು, ಆಟೊಗೆ ಬಿಡುವುದು ಬೇಡ. ಕ್ಯಾಮೆರಾ ಗುಡ್ಡದ ಕಡೆ ತಿರುಗಿದಾಗ ಒಂದು ಅಳತೆ, ಬಿಳಿಚಿದ ಆಕಾಶದ ಕಡೆ ತಿರುಗಿದಾಗ ಇನ್ನೊಂದು. ಎರಡನೆಯದರಲ್ಲಿ ಮಕ್ಕಳ ಮುಖವೆಲ್ಲ ಕಪ್ಪು. ಮ್ಯಾನುಯಲ್‌ನಲ್ಲಿಟ್ಟು, ಬಿಸಿಲಲ್ಲಿ ನಿಂತ ಆಟಗಾರನ ಮುಖಕ್ಕೆ ಒಮ್ಮೆ ಹೊಂದಿಸಿಕೊಂಡರೆ ಮೋಡ ಅಡ್ಡ ಬರುವವರೆಗೂ ಮುಟ್ಟಬೇಕಿಲ್ಲ. ಫೋಕಸ್ ಕಂಟಿನ್ಯುಯಸ್ (ಓಡುವವನನ್ನು ಬಿಡದೆ ಹಿಂಬಾಲಿಸುವಂತೆ) ಇರಲಿ, ಒಂದೇ ಫೋಕಸ್ ಬಿಂದು ಆಟಗಾರನ ಎದೆಯ ಮೇಲಿರಲಿ. ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಅಡ್ಡ ಓಡಿದವನಿಗೋ ಗೋಲಿನ ಬಲೆಗೋ ಫೋಕಸ್ ಅಂಟಿಕೊಳ್ಳುತ್ತದೆ.

ಆದರೆ ಚಿತ್ರ ಕೆಡುವುದು ಹೆಚ್ಚಾಗಿ ನಿಲ್ಲುವ ಜಾಗದಿಂದ. ಶಾಮಿಯಾನದ ನೆರಳು ಬಿಟ್ಟು ಬರದವರಿಗೆ ಸಿಗುವುದು ಪಕ್ಕೆ ಮತ್ತು ಬೆನ್ನು. ಗೋಲ್ ಗೆರೆಯ ಹಿಂದೆ, ಕಾರ್ನರ್ ಬಾವುಟಕ್ಕೂ ಪೆನಾಲ್ಟಿ ಅಂಗಳಕ್ಕೂ ನಡುವೆ, ಎರಡು ಮೂರು ಮೀಟರ್ ದೂರ ಬಿಟ್ಟು ಕೂತರೆ ಚೆಂಡಿನೊಂದಿಗೆ ನುಗ್ಗಿ ಬರುವವನ ಮುಖ ಸಿಗುತ್ತದೆ. ಕೂರಲೇಬೇಕು. ಹನ್ನೆರಡರ ಹುಡುಗನನ್ನು ನಿಂತು ತೆಗೆದರೆ ಫ್ರೇಮಿನ ತುಂಬ ತಲೆಗೂದಲು ಮತ್ತು ಮಣ್ಣು; ಮಂಡಿಯೂರಿ ತೆಗೆದರೆ ಅದೇ ಪೋರ ಹಿಂದಿನ ಕೋಟೆ ಗುಡ್ಡಕ್ಕಿಂತ ಎತ್ತರ ನಿಲ್ಲುತ್ತಾನೆ. ಪಕ್ಕದ ಗೆರೆಯೇ ಬೇಕೆನ್ನುವವರಿಗೂ ದಾರಿಯಿದೆ. ಬಾವುಟ ಹಿಡಿದ ಸಹಾಯಕ ರೆಫರಿ ತನ್ನ ಬದಿಯಲ್ಲಿ ಅರ್ಧ ಮೈದಾನದಷ್ಟೇ ಓಡುತ್ತಾನೆ, ಎದುರು ಬದಿಯವನು ಇನ್ನರ್ಧ. ಹಾಗಾಗಿ ಎರಡೂ ಬದಿಯಲ್ಲಿ ಒಂದೊಂದು ಅರ್ಧ ಖಾಲಿ. ಸೂರ್ಯ ಬೆನ್ನಿಗೆ ಬೀಳುವ ಕಡೆಯದನ್ನು ಆರಿಸಿಕೊಂಡರೆ ರೆಫರಿಯ ಬೈಗುಳವೂ ತಪ್ಪುತ್ತದೆ.

ಫೋನಿನಲ್ಲಿ ತೆಗೆಯುವ ಪೋಷಕರು ದೂರದ ಗೋಲನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡುವುದನ್ನು ಬಿಟ್ಟು, ಹತ್ತಿರದ ಥ್ರೋ-ಇನ್, ಕಾರ್ನರ್ ಕಿಕ್‌ಗೆ ಕಾಯಬೇಕು. ಕಾಲು ಚೆಂಡಿಗೆ ತಾಗುವ ಮುಂಚೆಯೇ ಬಟನ್ ಒತ್ತಿ ಹಿಡಿಯಬೇಕು; ತಾಗಿದ್ದು ಕಂಡ ಮೇಲೆ ಒತ್ತಿದರೆ ಚೆಂಡು ಚಿತ್ರದಿಂದಾಚೆ ಹೋಗಿರುತ್ತದೆ.

ಸಂಘಟಕರ ಪಾಲೂ ಇದರಲ್ಲಿದೆ. ಮಧ್ಯಾಹ್ನ ಹನ್ನೆರಡಕ್ಕೆ ಪಂದ್ಯ ಇಟ್ಟರೆ ಕಾದ ನೆಲದಿಂದ ಏಳುವ ಝಳ ಗಾಳಿಯನ್ನೇ ನಡುಗಿಸುತ್ತದೆ. ಆಚೆ ತುದಿಯ ಗೋಲು ನೀರಿನಲ್ಲಿ ಕಂಡಂತೆ ಕಾಣುತ್ತದೆ, ಎಂಥ ಲೆನ್ಸಿಗೂ ಅದು ದಕ್ಕುವುದಿಲ್ಲ. ನೆತ್ತಿಯ ಸೂರ್ಯ ಕಣ್ಣಿನ ಗುಳಿಗಳಿಗೆ ನೆರಳು ತುಂಬುತ್ತಾನೆ. ಆಡುವ ಮಕ್ಕಳ ಪಾಡು ಹೇಳುವುದೇ ಬೇಡ. ಬೆಳಿಗ್ಗೆ ಏಳರಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಎಲ್ಲರಿಗೂ ಅನುಕೂಲ.

ಇನ್ನು ಹೆಸರಿನ ಎಡವಟ್ಟು. ಜರ್ಸಿ ಸಂಖ್ಯೆ ಸಮೇತ ತಂಡದ ಪಟ್ಟಿಯನ್ನು ಪಂದ್ಯಕ್ಕೆ ಮುಂಚೆ ಗೋಡೆಗೆ ಅಂಟಿಸಿದರೆ ಛಾಯಾಗ್ರಾಹಕರು ಮೊದಲ ಫ್ರೇಮಿನಲ್ಲಿ ಅದನ್ನೇ ತೆಗೆದಿಟ್ಟುಕೊಳ್ಳಬಹುದು. ಸಂಖ್ಯೆಯಿಲ್ಲದ ಬಣ್ಣದ ಬಿಬ್ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಮೇಲುಡುಪು) ತೊಡಿಸಿದರೆ ಗೋಲು ಹೊಡೆದವನು ಯಾರೆಂದು ಮೇಷ್ಟ್ರಿಗೇ ಗೊಂದಲ. ಹಾಗಂತ ಅಡಿಬರಹದಲ್ಲಿ ಮಗುವಿನ ಹೆಸರು, ತರಗತಿ, ಊರು ಎಲ್ಲವನ್ನೂ ಒಟ್ಟಿಗೆ ಹಾಕಬೇಕಿಲ್ಲ. ಪೋಷಕರು ಒಪ್ಪಿದ್ದರೆ ಹೆಸರು, ಇಲ್ಲದಿದ್ದರೆ ತಂಡ ಮತ್ತು ಸಂಖ್ಯೆ ಸಾಕು. ಪೆಟ್ಟಾಗಿ ಅಳುವ ಮಗುವಿನ ಚಿತ್ರವಂತೂ ಬೇಡವೇ ಬೇಡ.

ಟ್ರೋಫಿಯ ಚಿತ್ರ ಹಾಕಲೇಬೇಕಾದ ಅನಿವಾರ್ಯ ತಮಗಿದ್ದರೆ ಇರಲಿ. ಅದನ್ನು ಒಂದು ಕಾಲಂಗೆ ಇಳಿಸಿ, ಆಟದ್ದನ್ನು ಮೂರು ಕಾಲಂಗೆ ಹಾಕಿ.

– ಹವ್ಯಾಸಿ ಛಾಯಾಗ್ರಾಹಕರು, ಬಳ್ಳಾರಿ