ಸಾವಕ್ಕಿ ದರ ಏರಿದ್ದಕ್ಕೆ, ಪ್ಯಾಕೆಟ್ ನಿಂತಿದ್ದಕ್ಕೆ

ಗ್ರಾಹಕರಿಗೆ ನಮಸ್ಕಾರ.

ಮುಂದಿನ ಒಂದನೇ ತಾರೀಖಿನಿಂದ ಸಾವಕ್ಕಿ (ಸಾಮೆ ಅಕ್ಕಿ), ನವಣಕ್ಕಿ ಪ್ಯಾಕೆಟ್ ಸಿಗುವುದಿಲ್ಲ. ಡಬ್ಬಿನೋ ಚೀಲನೋ ನೀವೇ ತನ್ನಿ, ತೂಗಿ ಕೊಡುತ್ತೇವೆ. ಸಾವಕ್ಕಿ ಕಿಲೋಗೆ 110 ಇದ್ದದ್ದು 120 ಆಗುತ್ತದೆ.

ಪ್ಯಾಕೆಟ್ ಬಿಟ್ಟರೆ ಅಗ್ಗ ಆಗಬೇಕಿತ್ತಲ್ವಾ ಅಂತ ಆಗಲೇ ಫೋನ್ ಬಂದಿವೆ. ನಿಜ, ಪ್ಯಾಕೆಟ್ ಖರ್ಚು ಉಳಿಯಿತು, 2022ರ ಜುಲೈ 18ರಿಂದ ಲೇಬಲ್ ಹಚ್ಚಿದ ಧಾನ್ಯದ ಪ್ಯಾಕೆಟ್ ಮೇಲೆ ಬಿದ್ದ 5% ಜಿಎಸ್‌ಟಿಯೂ ತಪ್ಪಿತು. ಅದಷ್ಟೂ ರೈತರಿಗೇ ಹೋಗಿದೆ.

'ರೈತರಿಗೆ 45 ಕೊಟ್ಟು ನಮ್ಮ ಹತ್ತಿರ 120 ತಗೋತೀರಿ, ನಡುವಿನದ್ದು ಯಾರ ಜೇಬಿಗೆ?' ಈ ಮಾತು ಕೇಳಿ ಕೇಳಿ ಸಾಕಾಗಿದೆ, ಬೇಜಾರೂ ಆಗಿದೆ. ನೂರು ಕಿಲೋ ಸಾವೆ ಗಿರಣಿಗೆ ಹಾಕಿದರೆ ಅಕ್ಕಿ ಆಗಿ ಬರುವುದು 60 ಕಿಲೋ ಚಿಲ್ಲರೆ, ಉಳಿದದ್ದು ಹೊಟ್ಟು, ನುಚ್ಚು. ಅಂದರೆ ಕಾಳಿನ ದುಡ್ಡೇ ಕಿಲೋ ಅಕ್ಕಿಗೆ ಹತ್ತಿರ ಹತ್ತಿರ 75 ಆಯ್ತು. ಆಮೇಲೆ ಕರೆಂಟ್, ಗಾಡಿ ಬಾಡಿಗೆ, ಕೂಲಿ. ಸಾವೆಯಷ್ಟೇ ಸಣ್ಣ ಕಲ್ಲು ಮಷೀನಿಗೂ ಸಿಗದೆ ಜಾರಿಕೊಳ್ಳುತ್ತದೆ, ಅದಕ್ಕೆ ಇವತ್ತಿಗೂ ನಾಲ್ಕು ಜನ ಹೆಂಗಸರು ಮೊರ ಹಿಡಿದು ಕೂರುತ್ತಾರೆ. ಅವರ ಕೂಲಿಯಲ್ಲಿ ಕಡಿಮೆ ಮಾಡಿ ಅಂತೀರಾ?

ಮೊದಲು ರೈತರಿಗೆ ಕಿಲೋ ಸಾವೆಗೆ 38 ಕೊಡುತ್ತಿದ್ದೆವು, ಅದು ಸಾಲುತ್ತಿರಲಿಲ್ಲ, ಅದಕ್ಕೇ ಈಗ 45. 2023 ಸಿರಿಧಾನ್ಯದ ವರ್ಷ ಅಂತ ಊರೂರಲ್ಲಿ ಮೇಳ ಆದವು, ಅದೇ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿಗೆ ಸೇರಿದವು. ನಮ್ಮ ಸದಸ್ಯರ ಗೋವಿನಜೋಳ ಒಣಗಿತು, ಸಾವೆ ಅಷ್ಟೋ ಇಷ್ಟೋ ಕೈಗೆ ಬಂತು. ಅದನ್ನು ಕಣ್ಣಾರೆ ನೋಡಿಯೂ ಮೂವರು ಈ ಸಲ ಗೋವಿನಜೋಳವನ್ನೇ ಬಿತ್ತಿದ್ದಾರೆ, ಯಾಕಂದ್ರೆ ಅದಕ್ಕೆ ವ್ಯಾಪಾರಿ ಹೊಲದ ತನಕ ಬರುತ್ತಾನೆ. ಅವರನ್ನು ಬೈಯುವುದು ಹೇಗೆ? ಸುಸ್ಥಿರ ಅಭಿವೃದ್ಧಿ ಅಂತ ವೇದಿಕೆ ಮೇಲೆ ಏನೇನೋ ಹೇಳುತ್ತಾರೆ, ನಮಗಂತೂ ಬಿತ್ತಿದವರು ಮುಂದಿನ ಮುಂಗಾರಿಗೂ ಅದನ್ನೇ ಬಿತ್ತುತ್ತಾರಾ ಅನ್ನುವುದೇ ಚಿಂತೆ.

ಯುಗಾದಿ ಹೊತ್ತಿಗೆ ಕೊಟ್ಟ ಪ್ಯಾಕೆಟ್‌ನಲ್ಲಿ ಹುಳ ಬಂದದ್ದು ಮಾತ್ರ ಪೂರ್ತಿ ನಮ್ಮ ತಪ್ಪು, ಕ್ಷಮಿಸಿ. ಒಂದೇ ಸಲ ಅಕ್ಕಿ ಮಾಡಿಸಿ ಎರಡು ತಿಂಗಳು ಇಟ್ಟುಬಿಟ್ಟಿದ್ದೆವು. ಇನ್ನು ಹದಿನೈದು ದಿನಕ್ಕೊಮ್ಮೆ, ಬೇಕಾದಷ್ಟೇ ಮಾಡಿಸುತ್ತೇವೆ. ಹಾಗಾಗಿ ಒಂದೆರಡು ದಿನ ಖಾಲಿ ಇರಬಹುದು, ಫೋನ್ ಮಾಡಿ ಬನ್ನಿ. ಪಾಲಿಶ್ ಮಾತ್ರ ಮಾಡಿಸಲ್ಲ, ಎಷ್ಟು ಬೈದರೂ ಸರಿ.

ಚೀಲ ಮರೆತು ಬಂದರೆ ಸುಮ್ನೆ ವಾಪಸ್ ಕಳಿಸಲ್ಲ. ಬಟ್ಟೆ ಚೀಲ ಇಟ್ಟಿದ್ದೇವೆ, 20 ರೂಪಾಯಿ ಠೇವಣಿ. ಒಗೆದು ತಂದುಕೊಟ್ಟರೆ ದುಡ್ಡು ವಾಪಸ್.

ನಿಮ್ಮ,
ಸಂಘದ ಕಾರ್ಯದರ್ಶಿ