ಬಿಳಿ ಇಲಿ ಹಿಡಿದ ಹದ್ದಿನ ಫೋಟೊ ಪ್ರಕಟಿಸಬೇಡಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಹೆಸರಘಟ್ಟದ ಹುಲ್ಲುಗಾವಲಿಗೆ ಉದ್ದನೆ ಲೆನ್ಸ್ ಹೊತ್ತವರ ಕಾರುಗಳು ಬರುತ್ತವೆ. ಪತ್ರಿಕೆಗಳಲ್ಲೂ ಹದ್ದು, ಗಿಡುಗಗಳ ಫೋಟೊ ಜಾಸ್ತಿಯಾಗುತ್ತದೆ. ಹಕ್ಕಿ ನೋಡುವವರು ಹೆಚ್ಚುತ್ತಿರುವುದು ನನಗೆ ಖುಷಿಯೇ. ಆದರೆ ಹಕ್ಕಿಗೆ ತೊಂದರೆ ಕೊಟ್ಟು ತೆಗೆದ ಫೋಟೊಗಳನ್ನು ದಯವಿಟ್ಟು ಪ್ರಕಟಿಸಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಅಂಥ ಫೋಟೊ ಗುರುತಿಸುವುದು ಕಷ್ಟವಲ್ಲ. ರಾಮದಾಸ ಹದ್ದನ್ನೇ ತೆಗೆದುಕೊಳ್ಳಿ. ಕಾಗೆಯಷ್ಟೂ ದೊಡ್ಡದಲ್ಲ. ಬೂದು-ಬಿಳಿ ಮೈ, ಕಪ್ಪು ಹೆಗಲು, ಕೆಂಪು ಕಣ್ಣು. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಕೆಳಗೆ ಹುಡುಕುತ್ತದೆ. ಕಾಲು ಇಳಿಬಿಟ್ಟು, ಸ್ವಲ್ಪ ಸ್ವಲ್ಪವೇ ಕೆಳಗೆ ಬಂದು, ಆಮೇಲೆ ಹುಲ್ಲಿಗೆ ಎರಗುತ್ತದೆ. ಫೋಟೊದಲ್ಲಿ ಅದರ ಉಗುರಿಗೆ ಸಿಕ್ಕ ಇಲಿ ಬೆಳ್ಳಗಿದ್ದರೆ ಅನುಮಾನಪಡಿ. ಬಯಲಿನ ಇಲಿ ಮಣ್ಣಿನ ಬಣ್ಣದ್ದು. ಬಿಳಿ ಇಲಿ ಅಂಗಡಿಯಿಂದ ಕೊಂಡು ತಂದದ್ದು. ಅದನ್ನು ಬಯಲಲ್ಲಿ ಬಿಟ್ಟು, ಕೆಲವೊಮ್ಮೆ ಕಾಲಿಗೆ ದಾರವನ್ನೂ ಕಟ್ಟಿ, ಆ ಜಾಗಕ್ಕೆ ಮೊದಲೇ ಫೋಕಸ್ ಮಾಡಿಕೊಂಡು ಕೂರುತ್ತಾರೆ. ಆ ದಾರ ಹದ್ದಿನ ಹೊಟ್ಟೆಗೆ ಹೋದರೆ ಗತಿಯೇನು? ಮನುಷ್ಯರ ಹತ್ತಿರ ಊಟ ಸಿಗುತ್ತದೆಂದು ಕಲಿತ ಹಕ್ಕಿ ರಸ್ತೆ ಬದಿಗೇ ಬರತೊಡಗುತ್ತದೆ, ಅಲ್ವಾ?

ಹ್ಯಾರಿಯರ್ ಎಂಬ ಗಿಡುಗಗಳ ಪಾಡು ಬೇರೆ. ಮಾಂಟೆಗು, ಪ್ಯಾಲಿಡ್ ಹ್ಯಾರಿಯರ್‌ಗಳು ಕಜಕಸ್ತಾನದ ಕಡೆಯ ಬಯಲುಗಳಿಂದ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುತ್ತವೆ. ಅವುಗಳ ಮುಖ ಗೂಬೆಯ ಮುಖದ ಹಾಗೆ ದುಂಡಗೆ. ನೆಲಕ್ಕೆ ತೀರಾ ಹತ್ತಿರ ಹಾರುತ್ತಾ, ಹುಲ್ಲೊಳಗಿನ ಸರಸರ ಸದ್ದಿಗೂ ಕಿವಿಗೊಟ್ಟು ಇಲಿ, ಮಿಡತೆ ಹುಡುಕುತ್ತವೆ. ಹಿಂದೆಯೇ ಜೀಪು ಓಡಿಸಿಕೊಂಡು ಹೋದರೆ ಅವಕ್ಕೆ ಏನು ಕೇಳಿಸೀತು? ರಾತ್ರಿ ಮಲಗುವುದೂ ಹುಲ್ಲಿನ ನಡುವೆ, ನೆಲದ ಮೇಲೆ, ಗುಂಪಾಗಿ. ಮುಸ್ಸಂಜೆಯಲ್ಲಿ ಅಲ್ಲಿಗೆ ಗಾಡಿ ನುಗ್ಗಿಸಿ ಎಬ್ಬಿಸಿದರೆ ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಛಾಯಾಗ್ರಾಹಕರೂ ಇದ್ದರು. ಅದೇ ಹುಲ್ಲಿನ ಮೇಲೆ ಫೋಟೊಕ್ಕಾಗಿ ಚಕ್ರ ಹರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಮಾಡದೆಯೂ ಒಳ್ಳೆ ಫೋಟೊ ಸಿಗುತ್ತದೆ. ದಾರಿ ಬಿಟ್ಟು ಇಳಿಯದೆ, ಎಂಜಿನ್ ಆರಿಸಿ, ಕಾರಿನೊಳಗೇ ಸುಮ್ನೆ ಕೂರಬೇಕು. ಕಾರಿಗೆ ಹೆದರದ ಹಕ್ಕಿ, ಬಾಗಿಲು ತೆಗೆದು ಇಳಿದವರನ್ನು ಕಂಡರೆ ಹಾರಿಬಿಡುತ್ತದೆ. ಕಾದರೆ ಅದೇ ಹತ್ತಿರ ಬರುತ್ತದೆ. ಗಂಡು ಮಾಂಟೆಗುವಿನ ರೆಕ್ಕೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ, ಗಂಡು ಪ್ಯಾಲಿಡ್‌ಗೆ ರೆಕ್ಕೆಯ ತುದಿಯಲ್ಲಷ್ಟೇ ಕಪ್ಪು. ಅದನ್ನು ಬೈನಾಕ್ಯುಲರ್‌ನಲ್ಲಿ ನೋಡಿ ಗುರುತಿಸಿದಾಗ ಆಗುವ ಸಂತೋಷಕ್ಕೆ ಕ್ಯಾಮೆರಾನೂ ಬೇಕಿಲ್ಲ.

ಗೂಡಿನ ಫೋಟೊಗಳ ಬಗ್ಗೆಯೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಹೇಳುತ್ತದೆ. 2012ರಲ್ಲಿ ರಣಹದ್ದು ಧಾಮವಾದ ರಾಮನಗರದ ರಾಮದೇವರ ಬೆಟ್ಟ ಬೆಂಗಳೂರಿಗೆ ದೂರವೇನಲ್ಲ. ಅಲ್ಲಿ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಡ್ರೋನ್‌ಗೋ ಜನರ ಗದ್ದಲಕ್ಕೋ ಬೆದರಿ ತಾಯಿ ಎದ್ದು ಹೋಗಿ ಆ ಮೊಟ್ಟೆ ಕೆಟ್ಟರೆ ಆ ವರ್ಷಕ್ಕೆ ಮರಿಯೇ ಇಲ್ಲ.

ಆದ್ದರಿಂದ ಫೋಟೊ ಕಳಿಸುವವರನ್ನು ಎರಡು ಮಾತು ಕೇಳಿ: ಆಹಾರ ಇಟ್ಟು ತೆಗೆದದ್ದಾ? ಹಕ್ಕಿ ಗೂಡಿನಲ್ಲಿತ್ತಾ? ಹೌದು ಎಂದರೆ ವಾಪಸ್ ಕಳಿಸಿ. ಉತ್ತರ ಬಾರದಿದ್ದರೂ ಬಿಟ್ಟುಬಿಡಿ. ಅಪರೂಪದ ಹಕ್ಕಿಯಾದರೆ ಚಿತ್ರದ ಕೆಳಗೆ ‘ಬೆಂಗಳೂರು ಗ್ರಾಮಾಂತರ’ ಎಂದಷ್ಟೇ ಹಾಕಿ, ಕೆರೆಯ ಹೆಸರಾಗಲಿ ಊರಿನ ಹೆಸರಾಗಲಿ ಬೇಡ.

ಇಂತಿ,
ನಿಮ್ಮ ಓದುಗ
ಯಲಹಂಕ, ಬೆಂಗಳೂರು