ಮಗಳಿಗೊಂದು ಪತ್ರ: ಗಂತಿನಿಂದ ಮಂಜೊಟ್ಟಿಗೆ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಅಳುವಾಗ ನಾನು ನಕ್ಕಿದ್ದು ತಪ್ಪೇ. ಆದರೆ "ಸೊನ್ನೆ ಬರೆಯಲಿಲ್ಲ ಅಂತ ಸೊನ್ನೆ ಕೊಟ್ಟರು" ಅಂದರೆ ಯಾರಿಗೆ ನಗು ಬರುವುದಿಲ್ಲ ಹೇಳು! ಫಿಸಿಕ್ಸ್ ಟೆಸ್ಟಿನ ಪ್ರಶ್ನೆ ಇದು: ಹುಡುಗ 100 ಮೀಟರ್ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದ, ಸ್ಥಾನಪಲ್ಲಟ ಎಷ್ಟು? ನೀನು 200 ಅಂತ ಬರೆದೆ. ಆಮೇಲೆ "ಹಾಗಾದರೆ ಅವನು ನಡೆದದ್ದು ಸುಳ್ಳಾ ಅಪ್ಪಾ?" ಅಂತ ಕೇಳಿದೆ. ಆ ಪ್ರಶ್ನೆಗೆ ಮಾತ್ರ ನಾನೇ ಮಾರ್ಕ್ಸ್ ಕೊಡುತ್ತಿದ್ದೆ.

ಸುಳ್ಳಲ್ಲ. ನಡೆದದ್ದಕ್ಕೆ ದೂರ ಅನ್ನುತ್ತಾರೆ, ಅದು 200 ಮೀಟರೇ. ಸ್ಥಾನಪಲ್ಲಟ ಕೇಳುವುದು ಬೇರೆ: ಮೊದಲು ಎಲ್ಲಿದ್ದೆ, ಈಗ ಎಲ್ಲಿದ್ದೀಯ? ನಡುವೆ ಏನೇನು ಮಾಡಿದೆ ಅನ್ನುವುದು ಅದಕ್ಕೆ ಬೇಡ.

ನಮ್ಮ ಕಂಬಳದ ಕರೆ, ಅದೇ ಕೋಣಗಳು ಓಡುವ ಕೆಸರಿನ ದಾರಿ, ನೆನಪಿಸಿಕೋ. ಓಟ ಶುರುವಾಗುವ ಈ ತುದಿ ಗಂತು, ಮುಗಿಯುವ ಆ ತುದಿ ಮಂಜೊಟ್ಟಿ. ಕೋಣಗಳು ಆಚೀಚೆ ತಿರುಗುವ ಹಾಗಿಲ್ಲ, ಒಂದೇ ಗೆರೆ. ಗಂತನ್ನು ಸೊನ್ನೆ ಅಂತ ಇಟ್ಟುಕೋ. ಮಂಜೊಟ್ಟಿಯ ಕಡೆ ಪ್ಲಸ್, ಈ ಕಡೆ ಮೈನಸ್. ಕರೆ 142.5 ಮೀಟರ್ ಇದ್ದರೆ ಓಡಿದಾಗ ಸ್ಥಾನಪಲ್ಲಟ +142.5. ಮತ್ತೆ ಕೋಣಗಳನ್ನು ನಡೆಸಿಕೊಂಡು ವಾಪಸ್ ಬರುತ್ತಾರಲ್ಲ, ಅದು -142.5. ಕೂಡಿಸಿದರೆ ಸೊನ್ನೆ. ಮೈಮೇಲಿನ ಕೆಸರು ಹಾಗೇ ಇದೆ, ಸುಸ್ತೂ ಇದೆ. ಸ್ಥಾನ ಮಾತ್ರ ಮೊದಲಿನದೇ. ಬೇಕಾದರೆ ಮಂಜೊಟ್ಟಿಯನ್ನೇ ಸೊನ್ನೆ ಮಾಡು. ಆಗ ಗಂತು -142.5 ಆಗುತ್ತದೆ, ಆದರೆ ಓಟದ ಸ್ಥಾನಪಲ್ಲಟ ಆಗಲೂ +142.5. ಮಾಡಿ ನೋಡು.

ಜವ ಮತ್ತು ವೇಗದ ಗೊಂದಲಕ್ಕೆ ನಿನ್ನನ್ನು ಬೈಯುವುದಿಲ್ಲ. ಮಾತಿನಲ್ಲಿ ಎಲ್ಲದಕ್ಕೂ ವೇಗ ಅಂತಲೇ ಹೇಳುತ್ತೇವೆ. ಜವ ಅಂದರೆ ನಿನ್ನ ಅಜ್ಜಿಗೆ ಜವರಾಯನೇ ನೆನಪಾಗುವುದು! ಪಾಠದಲ್ಲಿ ಮಾತ್ರ ದೂರವನ್ನು ಸಮಯದಿಂದ ಭಾಗಿಸಿದರೆ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ವೇಗ. ವೇಗಕ್ಕೆ ದಿಕ್ಕು ಬೇಕು, ಒಂದೇ ಗೆರೆಯಲ್ಲಾದರೆ ಪ್ಲಸ್ಸು ಮೈನಸ್ಸು ಸಾಕು.

ಈಗ ನನ್ನ ತಪ್ಪಿನ ಕತೆ. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಸರಾಸರಿ ವೇಗ ಸೆಕೆಂಡಿಗೆ 10.46 ಮೀಟರ್. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು: 9.55 ಸೆಕೆಂಡು! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಆ ಮೆಸೇಜನ್ನು ನಾನೂ ಹೆಮ್ಮೆಯಿಂದ ಹತ್ತಾರು ಜನರಿಗೆ ಕಳಿಸಿದೆ.

ಆದರೆ 9.55 ಯಾವ ಗಡಿಯಾರವೂ ತೋರಿಸಿದ ಸಮಯ ಅಲ್ಲ. ಅದು ಬರೀ ಭಾಗಾಕಾರ. ಗಂತಿನಿಂದ ಮಂಜೊಟ್ಟಿವರೆಗೂ ಒಂದೇ ವೇಗದಲ್ಲಿ ಓಡಿದರು ಅಂತ ಇಟ್ಟುಕೊಂಡರೆ ಮಾತ್ರ ಅದು ಸರಿ. ಹಾಗೆ ಯಾರು ಓಡುತ್ತಾರೆ? ಬೋಲ್ಟ್ ಓಟವನ್ನೇ ತುಂಡು ಮಾಡಿ ನೋಡು. ಮೊದಲ 20 ಮೀಟರಿಗೆ ಹಿಡಿದದ್ದು 2.89 ಸೆಕೆಂಡು. 60ರಿಂದ 80 ಮೀಟರಿನ ತುಂಡಿಗೆ 1.61 ಸೆಕೆಂಡು. ಮೊದಲ ತುಂಡನ್ನು ಐದರಿಂದ ಗುಣಿಸಿದರೆ 100 ಮೀಟರಿಗೆ 14.45 ಸೆಕೆಂಡು, ಎರಡನೆಯದನ್ನು ಗುಣಿಸಿದರೆ 8.05. ಎರಡೂ ನಡೆಯದ ಓಟಗಳು! ಶುರುವಿನಲ್ಲಿ ಎಲ್ಲರೂ ನಿಧಾನ. ಓಟ ಉದ್ದವಾದಷ್ಟೂ, ಸುಸ್ತಾಗದೆ ಇದ್ದರೆ, ಆ ನಿಧಾನದ ಪಾಲು ಕಡಿಮೆಯಾಗಿ ಸರಾಸರಿ ಮೇಲೇರುತ್ತದೆ. 42.5 ಮೀಟರ್ ಜಾಸ್ತಿ ಇದ್ದ ಕರೆಯಲ್ಲಿ ಆಗಿರಬಹುದಾದದ್ದು ಅದೇ. ಜೊತೆಗೆ ಬೋಲ್ಟ್ ಕೈಯಲ್ಲಿ ಕೋಣದ ಹಗ್ಗ ಇರಲಿಲ್ಲ, ಕಾಲ ಕೆಳಗೆ ಕೆಸರೂ ಇರಲಿಲ್ಲ. ಗೌಡರ ಓಟ ಸಣ್ಣದಲ್ಲ, ಹೋಲಿಕೆ ಮಾತ್ರ ಸರಿಯಿಲ್ಲ. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರೂ ಅವರು ಹೋಗಲಿಲ್ಲ. ನನಗಿಂತ ಅವರಿಗೇ ಫಿಸಿಕ್ಸ್ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ತುಂಡನ್ನು 20 ಮೀಟರಿನಿಂದ 5ಕ್ಕೆ, 1ಕ್ಕೆ ಇಳಿಸುತ್ತಾ ಹೋಗು. ಆ ಕ್ಷಣದ ವೇಗ ಅಂತ ನಿಮ್ಮ ಲೆಕ್ಚರರ್ ಹೇಳಿದ್ದು ಅದನ್ನೇ. ಸ್ಥಾನ-ಸಮಯದ ಗ್ರಾಫಿನಲ್ಲಿ ಗೆರೆ ಎಷ್ಟು ಕಡಿದಾಗಿದೆಯೋ ಅಷ್ಟು ವೇಗ. ಕೋಣ ನಿಂತರೆ ಗೆರೆ ಮಲಗುತ್ತದೆ, ವಾಪಸ್ ಹೊರಟರೆ ಕೆಳಗಿಳಿಯುತ್ತದೆ.

ರಜೆಗೆ ಬಂದಾಗ ಇಬ್ಬರೂ ಕಂಬಳಕ್ಕೆ ಹೋಗೋಣ. ನಾನು ಗಂತಿನಲ್ಲಿ ನಿಂತು ಕೋಣ ಹೊರಟ ಕೂಡಲೇ ಟವೆಲ್ ಬೀಸುತ್ತೇನೆ. ನೀನು ಸರಿಯಾಗಿ 100 ಮೀಟರಿನ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಲ್ಲು. ಹಳೇ ಚೂಡಿದಾರ್ ಹಾಕಿಕೋ, ಕೆಸರು ಅಲ್ಲಿವರೆಗೂ ಹಾರುತ್ತದೆ.

ನಿನ್ನ
ಅಪ್ಪ